ಹೂಂಗುಟ್ಟುತ್ತ ಓಡಿದವನು

ಆ ಭಾನುವಾರ ಬೆಳಿಗ್ಗೆ ಕುಂಬಳೆಯ ಸೇತುವೆ ದಾಟಿದಲ್ಲಿ ನಾವು ಮೂವರಿದ್ದೆವು. ಹೊಸ ಹೆದ್ದಾರಿಯ ಆ ಭಾಗವನ್ನು ಇನ್ನೂ ವಾಹನಗಳಿಗೆ ಬಿಟ್ಟುಕೊಟ್ಟಿರಲಿಲ್ಲ. ನಾನು ಮತ್ತು ನನ್ನ ಗೆಳೆಯ ಓಡುವ ಬೂಟು ಹಾಕಿಕೊಂಡು ನಿಂತಿದ್ದೆವು. ಅವನ ಮಗಳು ಸ್ಕೂಟರಿನ ಮೇಲೆ ಕೂತಿದ್ದಳು. ತಲೆಗೆ ಶಾಲು, ಶಾಲಿನ ಮೇಲೆ ಹೆಲ್ಮೆಟ್ಟು, ಕಾಲ ಬುಡದಲ್ಲಿ ನೀರಿನ ಬಾಟಲಿಗಳು ಮತ್ತು ಒಂದು ಚೀಲ ಕಿತ್ತಳೆ. ನಾಲ್ಕನೆಯದಾಗಿ ಒಂದು ನಾಯಿಯೂ ಇತ್ತು. ರಸ್ತೆ ಕೆಲಸದವರು ಅನ್ನ ಹಾಕಿ ಅಭ್ಯಾಸ ಮಾಡಿಸಿದ ನಾಯಿ; ನಾವು ಓಡಲು ಸುರು ಮಾಡಿದರೆ ಸ್ವಲ್ಪ ದೂರ ಜೊತೆಗೆ ಬಂದು, ಇವರಿಂದ ಪ್ರಯೋಜನವಿಲ್ಲ ಎಂದು ಕಂಡ ಮೇಲೆ ಹಿಂದೆ ಹೋಗುತ್ತಿತ್ತು.

ಆ ದಿನ ಪರೀಕ್ಷೆ. ಪರೀಕ್ಷೆ ನನಗೂ ಅವನಿಗೂ ಎಂದು ಹೇಳಿದ್ದರೂ, ನಿಜಕ್ಕೂ ಅವನಿಗೆ. ಇದರಲ್ಲಿ ಪಾಸಾದರೆ ಡಿಸೆಂಬರಿನ ಮ್ಯಾರಥಾನಿಗೆ ಮಗಳ ಒಪ್ಪಿಗೆ ಉಂಟು, ಬೇಕಾದ ಡಾಕ್ಟರ ಸರ್ಟಿಫಿಕೇಟಿಗೂ ಅವಳೇ ಕರೆದುಕೊಂಡು ಹೋಗುವಳು. ಪಾಸಾಗದಿದ್ದರೆ ಆ ಮಾತನ್ನೇ ಬಿಡಬೇಕು. ಹೀಗೆಂದು ಅಪ್ಪ ಮಗಳ ನಡುವೆ ನನ್ನೆದುರಿಗೇ ಮಾತಾಗಿತ್ತು. ಮನೆಯಲ್ಲಿ ಅವರದು ಬ್ಯಾರಿ ಭಾಷೆ, ಅಪ್ಪನಿಗೆ ಉಪ್ಪ ಎನ್ನುವರು. ನಾನಿದ್ದರೆ ಮರ್ಯಾದೆಗೆ ಕನ್ನಡ. ಆ ಒಪ್ಪಂದ ಕನ್ನಡದಲ್ಲಿ ನಡೆದದ್ದರಿಂದ ಅದಕ್ಕೆ ನಾನು ಸಾಕ್ಷಿ.

ಅವನ ವಿಚಾರ ಸ್ವಲ್ಪ ಹೇಳಬೇಕು. ನಾವಿಬ್ಬರೂ ಒಂದೇ ಕನ್ನಡ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ನಾನು ಅದೇ ಶಾಲೆಯಂಥ ಇನ್ನೊಂದು ಶಾಲೆಯಲ್ಲಿ ಮಾಸ್ತರನಾದೆ. ಅವನು ಗಲ್ಫಿಗೆ ಹೋಗಿ, ಯಾರದೋ ದೊಡ್ಡ ಅಂಗಡಿಯ ಗೋದಾಮಿನಲ್ಲಿ ಹರೆಯವೆಲ್ಲ ಕಳೆದು, ಊರಿಗೆ ಬಂದು ಕುಂಬಳೆ ಪೇಟೆಯಲ್ಲಿ ಚಪ್ಪಲಿ ಮತ್ತು ಕೊಡೆಯ ಅಂಗಡಿ ಇಟ್ಟ. ಮಳೆಗಾಲಕ್ಕೆ ಕೊಡೆ, ಬೇಸಗೆಗೆ ಚಪ್ಪಲಿ, ನಡುವೆ ನಾನು ಎಂದು ಅವನು ಹೇಳುತ್ತಿದ್ದ. ದಿನಾ ಸಂಜೆ ಶಾಲೆ ಬಿಟ್ಟು ಬಸ್ಸಿಗೆ ಕಾಯುವಾಗ ನಾನು ಕೂರುತ್ತಿದ್ದುದು ಆ ಅಂಗಡಿಯ ಸ್ಟೂಲಿನಲ್ಲಿ.

ನನಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ವರ್ಷ ಡಾಕ್ಟರು ನಡೆಯಲು ಹೇಳಿದರು. ಒಬ್ಬನೇ ನಡೆಯುವುದೆಂದರೆ ನನಗೆ ಆಗದು, ಮಾತಾಡಲು ಜನ ಬೇಕು. ಅವನನ್ನು ಎಳೆದುಕೊಂಡು ಹೋದೆ. ಒಂದು ದಿನ ನಡೆಯುತ್ತಿರುವಾಗ ಮಳೆ ಬಂತು, ಬಸ್ಸು ತಂಗುದಾಣದ ತನಕ ಇಬ್ಬರೂ ಓಡಿದೆವು. ಒಳಗೆ ನಿಂತು ತಲೆ ಒರೆಸಿಕೊಳ್ಳುತ್ತ ಅವನು ನನ್ನ ಮುಖ ನೋಡಿದ. "ಮಾಷೆ, ನಾವು ಓಡಿದೆವಲ್ಲ ಮಾರಾಯ," ಅಂದ. ಯಾವುದೋ ಕಳೆದುಹೋದ ಸಾಮಾನು ಸಿಕ್ಕಿದ ಹಾಗಿತ್ತು ಅವನ ಮುಖ. ಮರುದಿನ ಮಳೆ ಇರಲಿಲ್ಲ, ಆದರೂ ಓಡಿದೆವು.

ಅಲ್ಲಿಂದ ಮ್ಯಾರಥಾನಿನ ತನಕ ಹೋದದ್ದು ಅವನ ಹುಚ್ಚು. ಮಂಗಳೂರಿನಲ್ಲಿ ಓಟ ಉಂಟು ಎಂಬ ಸುದ್ದಿ ಫೋನಿಗೆ ಬಂದ ದಿನ ಅವನು ಗಿರಾಕಿಯನ್ನು ನಿಲ್ಲಿಸಿಟ್ಟು ನನಗೆ ಅದನ್ನು ಓದಿ ಹೇಳಿದ. ಅರ್ಧ ಓಡಿದರೆ ಸಾಲದೋ ಎಂದು ನಾನು ಕೇಳಿದ್ದಕ್ಕೆ, ಅರ್ಧ ಓಡಿದವನನ್ನು ಪೂರಾ ಫಿಟ್ ಎಂದು ಯಾರು ಹೇಳುತ್ತಾರೆ ಎಂದು ಅವನೇ ನನ್ನನ್ನು ಕೇಳಿದ.

ಫಿಟ್ ಎಂಬ ಪದ ಅವನ ಬಾಯಿಗೆ ಯಾಕೆ ಬಂತು ಎಂದು ನನಗೆ ಗೊತ್ತಿತ್ತು. ನಮ್ಮ ಕಡಲ ಬದಿಯ ಮನೆಗಳಲ್ಲಿ ಮೆಡಿಕಲ್ ಎಂದರೆ ಗಲ್ಫಿಗೆ ಹೋಗುವ ಮೊದಲು ಆಗುವ ದೇಹಪರೀಕ್ಷೆ. ಅದರಲ್ಲಿ ಫಿಟ್ ಎಂದಾದರೆ ವೀಸಾ, ಅನ್‌ಫಿಟ್ ಎಂದಾದರೆ ಮನೆ. ಇವನು ಮೀಸೆ ಮೂಡಿದ ಹೊಸತರಲ್ಲಿ ಮುಂಬಯಿಗೆ ಮೆಡಿಕಲ್ಲಿಗೆ ಹೋದವ. ನೆಂಟರೆಲ್ಲ ಬಂದು ಊಟ ಮಾಡಿ, ದುವಾ ಮಾಡಿ, ಕುಂಬಳೆ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿ ಕಳಿಸಿದ್ದರು. ಅಲ್ಲಿ ಎದೆಯ ಎಕ್ಸ್‌ರೇಯಲ್ಲಿ ಏನೋ ಒಂದು ಕಲೆ ಕಂಡಿತು. ಅನ್‌ಫಿಟ್. ಅದೇ ಪೆಟ್ಟಿಗೆ ಹಿಡಿದುಕೊಂಡು ವಾಪಸು ಬರುವಾಗ ಕುಂಬಳೆಯಲ್ಲಿ ಇಳಿಯಲು ಮುಖವಿಲ್ಲದೆ ಮಂಜೇಶ್ವರದಲ್ಲಿಯೇ ಇಳಿದು, ಅಲ್ಲಿ ಚಿಕ್ಕಮ್ಮನ ಮನೆಯಲ್ಲಿ ಕೆಲವು ದಿನ ಅಡಗಿ ಕೂತಿದ್ದ. ಮಾರನೆಯ ವರ್ಷ ಪುನಃ ಹೋದ, ಪಾಸಾದ. ಆ ಕಲೆ ಏನೂ ಅಲ್ಲವಂತೆ. ಆದರೆ ಆ ಒಂದು ವರ್ಷ ಊರಿನಲ್ಲಿ ಅವನಿಗೆ ಹೆಸರಿರಲಿಲ್ಲ. ಮೆಡಿಕಲ್ ಆಗದ ಹುಡುಗ, ಅಷ್ಟೆ.

ಹಾಗೆ ಅನುಭವಿಸಿದವರು ಮೆಡಿಕಲನ್ನು ಪಾಸು ಮಾಡುವ ವಿದ್ಯೆ ಕಲಿತಿರುತ್ತಾರೆ. ಹಿಂದಿನ ದಿನ ಏನು ತಿನ್ನಬಾರದು, ನಾಡಿ ಹಿಡಿಯುವ ಮೊದಲು ಎಷ್ಟು ಹೊತ್ತು ಅಲುಗಾಡದೆ ಕೂರಬೇಕು, ಕೆಮ್ಮು ಬಂದರೆ ಹೇಗೆ ನುಂಗಬೇಕು ಎಂದು ಹೋಗಿಬಂದವರು ಹೊಸಬರಿಗೆ ಹೇಳಿಕೊಡುವುದು ಇಲ್ಲಿಯ ವಾಡಿಕೆ. ದೇಹದಲ್ಲಿ ಏನಿದೆ ಎಂದು ತಿಳಿಯಲಿಕ್ಕೆ ಪರೀಕ್ಷೆ ಇರುವುದು ಎಂಬ ಯೋಚನೆ ನಮ್ಮಲ್ಲಿ ಕಡಿಮೆ. ಪರೀಕ್ಷೆ ಇರುವುದು ದಾಟಲಿಕ್ಕೆ.

ಮಗಳು ಮಂಗಳೂರಿನಲ್ಲಿ ಫಿಸಿಯೋಥೆರಪಿ ಕಲಿಯುತ್ತಿದ್ದಳು. ಅಪ್ಪನ ಹುಚ್ಚು ಕೇಳಿ ಮೊದಲು ನಕ್ಕಳು, ಮತ್ತೆ ಹೆದರಿದಳು, ಕೊನೆಗೆ ಬೇಡ ಎಂದರೆ ಕದ್ದು ಓಡಿಯಾನು ಎಂದು ತಾನೇ ಒಂದು ಕ್ರಮ ಹಾಕಿಕೊಟ್ಟಳು. ಅವಳ ಕ್ರಮದಲ್ಲಿ ಮುಖ್ಯವಾದದ್ದು ಒಂದೇ. ಓಡುವಾಗ ಮಾತಾಡಬೇಕು. ಒಂದೆರಡು ಪದವಲ್ಲ, ಪೂರಾ ವಾಕ್ಯ. ವಾಕ್ಯ ತುಂಡಾದರೆ ವೇಗ ಹೆಚ್ಚಾಯಿತು ಎಂದು ಲೆಕ್ಕ, ನಿಧಾನ ಮಾಡಬೇಕು. ನಿಧಾನ ಮಾಡಿದರೂ ವಾಕ್ಯ ತುಂಡಾದರೆ ನಿಲ್ಲಬೇಕು, ತನಗೆ ಹೇಳಬೇಕು.

ಇದನ್ನು ಕೇಳಿ ನನಗೆ ಅಜ್ಜಿಯ ನೆನಪಾಯಿತು. ಅವಳ ಕಾಲದಲ್ಲಿ ವೀಳ್ಯದೆಲೆ, ಬಾಳೆಗೊನೆ ಹೊತ್ತುಕೊಂಡು ಹೆಂಗಸರು ಗುಂಪಾಗಿ ಕುಂಬಳೆ ಸಂತೆಗೆ ನಡೆದು ಬರುತ್ತಿದ್ದರು. ದಾರಿಯುದ್ದಕ್ಕೂ ಮಾತು. ಯಾರಾದರೊಬ್ಬಳ ಮಾತು ನಿಂತಿತೆಂದರೆ ಉಳಿದವರು ಅವಳಲ್ಲಿ ಏನೂ ಕೇಳದೆ, ಮುಂದಿನ ಹೊರೆಗಲ್ಲು ಸಿಕ್ಕಿದಲ್ಲಿ ಅವಳ ಹೊರೆಯನ್ನು ಕೈಕೊಟ್ಟು ಇಳಿಸುತ್ತಿದ್ದರಂತೆ. ನಿಲ್ಲಿಸಿದ ಎರಡು ಕಲ್ಲು, ಮೇಲೆ ಅಡ್ಡ ಒಂದು ಕಲ್ಲು. ಅಂಥದೊಂದು ನಮ್ಮೂರಿನ ಹಳೆಯ ದಾರಿಯಲ್ಲಿ ಮೊನ್ನೆ ಮೊನ್ನೆಯ ತನಕ ಇತ್ತು. ಇದನ್ನು ಮಗಳಿಗೆ ಹೇಳಿದೆ. "ಅದೇ ಮಾಷ್, ಅದೇ," ಎಂದು ಅವಳಿಗೆ ಬಹಳ ಖುಷಿಯಾಯಿತು.

ಮಾತಾಡುತ್ತ ಓಡಬೇಕು ಎಂದರೆ ನನಗೆ ಇನ್ನೇನು ಬೇಕು? ನಾನು ಕತೆ ಹೇಳುವವನು. ಇದು ನನ್ನ ಹೊಗಳಿಕೆಯಲ್ಲ, ಮನೆಯವರ ದೂರು. ನನ್ನ ಬಾಯಿಯಲ್ಲಿರುವ ಕನ್ನಡವೆಲ್ಲ ಅಜ್ಜಿ ಮತ್ತು ಅವಳ ಸರೀಕರು ಸಂಜೆಯ ಹೊತ್ತು ಜಗಲಿಯಲ್ಲಿ ಆಡಿದ ಕನ್ನಡ. ಅವರ ಕತೆಗೆ ಒಂದು ನಿಯಮವಿತ್ತು. ಕೇಳುವವರು ಹೂಂಗುಟ್ಟಬೇಕು. ಒಂದು ಮಾತು ಮುಗಿದರೆ ಒಂದು ಹೂಂ. ಹೂಂ ಬಾರದಿದ್ದರೆ ಮಕ್ಕಳು ಮಲಗಿದರು ಎಂದು ಅರ್ಥ. ಕತೆ ಅಲ್ಲಿಗೇ ನಿಲ್ಲುತ್ತಿತ್ತು. ಹಾಗಾಗಿ ನಿದ್ದೆಗಣ್ಣಲ್ಲಿಯೂ ನಾವು ಹೂಂ ಅನ್ನಲು ಕಲಿತೆವು.

ಓಟದಲ್ಲಿಯೂ ಅದೇ ನಡೆಯಿತು. ನಾನು ಕತೆ ಹೇಳುತ್ತಿದ್ದೆ, ಅವನು ಹೂಂ ಅನ್ನುತ್ತಿದ್ದ. ಕುಂಬಳೆಯಿಂದ ಆರಿಕ್ಕಾಡಿ, ಆರಿಕ್ಕಾಡಿಯಿಂದ ಶಿರಿಯ ಹೊಳೆ, ಅದನ್ನು ದಾಟಿ ಬಂದಿಯೋಡು. ಅಲ್ಲಿ ಒಂದು ಚಹಾ ಕುಡಿದು ವಾಪಸು. ಮಗಳು ಸಂಜೆ ಫೋನು ಮಾಡಿ, ಮಾತಾಡುತ್ತ ಓಡಿದಿರಾ ಎಂದು ಕೇಳುವಳು. ಇಡೀ ದಾರಿ ಮಾತು ಎಂದು ಅವನು ಹೇಳುವನು. ಅದು ಸುಳ್ಳೂ ಅಲ್ಲ.

ಎಲ್ಲಕ್ಕಿಂತ ಹೆಚ್ಚು ಸಲ ಹೇಳಿದ್ದು ಕೋಣ ತರಲು ಹೋದ ದೊಡ್ಡಜ್ಜನ ಕತೆ. ನನ್ನ ಅಜ್ಜಿಯ ಮಾವನೊಬ್ಬ, ಗದ್ದೆ ಉಳಲು ಒಂದು ಜೋಡಿ ಕೋಣ ಬೇಕೆಂದು ಅಪ್ಪ ಕಳಿಸಿದರೆ, ಹೊರಟವನು ದಾರಿಯಲ್ಲಿ ಸಿಕ್ಕಿದ ಮೊದಲ ಮನೆಯಲ್ಲಿ ಮದುವೆ ಅಡಿಗೆಗೆ ಜನ ಸಾಲದೆಂದು ನಿಂತ. ಎರಡನೆಯ ಮನೆಯಲ್ಲಿ ಬಾವಿ ತೋಡುವವರ ಜೊತೆ ನಿಂತ. ಮೂರನೆಯ ಮನೆಯಲ್ಲಿ ಆ ಮನೆಯ ಹುಡುಗಿಯನ್ನು ನೋಡಿ ನಿಂತ. ಎರಡು ವರ್ಷ ಕಳೆದು ಮನೆಗೆ ಬರುವಾಗ ಹಿಂದಿನಿಂದ ಹೆಂಡತಿ, ಅವಳ ತಾಯಿ, ಅವರ ಗಂಟುಮೂಟೆ. ಅಂಗಳದಲ್ಲಿ ನಿಂತ ಅಪ್ಪ ಇದನ್ನೆಲ್ಲ ನೋಡಿ ಕೇಳಿದ್ದು ಒಂದೇ, ಕೋಣ ಎಲ್ಲಿ? ದೊಡ್ಡಜ್ಜ ತಲೆ ತಗ್ಗಿಸಿ, "ಕೋಣ ಹಿಂದಿನಿಂದ ಬರ್ತಾ ಉಂಟು," ಎಂದನಂತೆ.

ಆ ಉತ್ತರ ನನ್ನ ಗೆಳೆಯನಿಗೆ ಎಷ್ಟು ಹಿಡಿಸಿತ್ತೆಂದರೆ, ಅಂಗಡಿಗೆ ಬಾರದ ಸಾಮಾನನ್ನು ಗಿರಾಕಿ ಕೇಳಿದರೂ ಅದನ್ನೇ ಹೇಳುತ್ತಿದ್ದ. ಓಡುವಾಗ ನನ್ನಿಂದ ಹಿಂದೆ ಬಿದ್ದರೆ, ನಾನು ತಿರುಗಿ ನೋಡಿದರೆ, ಕೈ ಎತ್ತಿ ಕೋಣದ ಕೋಡಿನ ಹಾಗೆ ಎರಡು ಬೆರಳು ತೋರಿಸುತ್ತಿದ್ದ. ನಾನು ನಗುತ್ತಿದ್ದೆ. ನಗುತ್ತ ಕಾಯುತ್ತಿದ್ದೆ. ಅವನು ಬಂದು ಸೇರುತ್ತಿದ್ದ.

ಈಗ ಹೇಳುವಾಗ ಬೇರೆ ಕೆಲವೂ ಕಣ್ಣಿಗೆ ಬರುತ್ತವೆ. ಅವನ ಬೂಟಿನ ಲೇಸು ಯಾವಾಗಲೂ ಏರಿನಲ್ಲಿಯೇ ಬಿಚ್ಚಿಕೊಳ್ಳುತ್ತಿತ್ತು. ಓಟ ಸುರುವಾಗುವ ಬಹಳ ಮೊದಲೇ ಬಂದು ಸೇತುವೆಯ ಕಟ್ಟೆಯಲ್ಲಿ ಅಲುಗಾಡದೆ ಕೂತಿರುತ್ತಿದ್ದ. ಏರು ಬರುವ ಮೊದಲು ನನಗೆ ಒಂದು ಪ್ರಶ್ನೆ ಹಾಕುತ್ತಿದ್ದ, ದೊಡ್ಡದೊಂದು ಉತ್ತರ ಬೇಕಾಗುವಂಥ ಪ್ರಶ್ನೆ. ಅಲ್ಲ ಮಾಷೆ, ಆ ಹುಡುಗಿಯ ಅಪ್ಪ ಏನು ಮಾಡ್ತಿದ್ದ? ನಾನು ಏರಿನುದ್ದಕ್ಕೂ ಹುಡುಗಿಯ ಅಪ್ಪನ ಜಾತಕ ಹೇಳುವೆ. ಅವನು ಹೂಂ, ಹೂಂ. ಹೂಂ ಅನ್ನಲು ಉಸಿರು ಬೇಡ, ಬಾಯಿ ತೆರೆಯುವುದೂ ಬೇಡ.

ಪರೀಕ್ಷೆಯ ದಿನ ಮಗಳು ನಮ್ಮ ಬದಿಯಲ್ಲಿಯೇ ಸ್ಕೂಟರು ಬಿಟ್ಟುಕೊಂಡು ಬರತೊಡಗಿದಳು. ಮೋಡ ಮುಚ್ಚಿದ ತಂಪಾದ ಬೆಳಗು. ಎಡಕ್ಕೆ ದೂರದಲ್ಲಿ ಕಡಲಿನ ಒಂದು ಗೆರೆ ಆಗಾಗ ಕಾಣುತ್ತಿತ್ತು. ನಾಯಿ ತನ್ನ ಪಾಲಿನ ದೂರ ಬಂದು ಹಿಂದೆ ಹೋಯಿತು. ನಾನು ದೊಡ್ಡಜ್ಜನನ್ನು ಮದುವೆಮನೆಯಿಂದ ಬಾವಿಯ ತನಕ ತಂದೆ. ಸಪಾಟು ರಸ್ತೆಯಲ್ಲಿ ಎಲ್ಲವೂ ಚೆನ್ನಾಗಿತ್ತು. ಗೆಳೆಯ ಒಂದೆರಡು ಮಾತೂ ಸೇರಿಸಿದ, ಮಗಳನ್ನು ನೋಡಿ ಹುಬ್ಬು ಹಾರಿಸಿದ. ಆರಿಕ್ಕಾಡಿಯ ಏರು ಸುರುವಾದಲ್ಲಿ ಅವನು ನನ್ನಲ್ಲಿ ಕೇಳಿದ, ಅಲ್ಲ ಮಾಷೆ, ಬಾವಿಯಲ್ಲಿ ನೀರು ಸಿಕ್ಕಿತಾ?

ನಾನು ಬಾಯಿ ತೆರೆಯುವುದರೊಳಗೆ ಮಗಳು ಹೇಳಿದಳು, "ಮಾಷ್, ನೀವು ಸಾಕು. ಇನ್ನು ಉಪ್ಪ ಹೇಳಲಿ."

"ನನಗೆಂತ ಕತೆ ಹೇಳ್ಲಿಕ್ಕೆ ಬರ್ತದೆ," ಅಂದ ಅವನು.

"ಹೊಸ ಕತೆ ಬೇಡ. ಇದನ್ನೇ ಹೇಳಿ. ದೊಡ್ಡಜ್ಜ ಮನೆಗೆ ಬಂದರು. ಅವರಪ್ಪ ಎಂತ ಕೇಳಿದ್ದು? ಅವರು ಎಂತ ಹೇಳಿದ್ದು?"

ಅವನು ಬಗ್ಗಿ ಲೇಸಿಗೆ ಕೈ ಹಾಕಲು ಹೋದ. "ಲೇಸು ಗಟ್ಟಿ ಉಂಟು ಉಪ್ಪ," ಅಂದಳು ಮಗಳು. ಅವಳ ಸ್ವರದಲ್ಲಿ ಸಿಟ್ಟಿರಲಿಲ್ಲ. ಏನೋ ಆಗಲೇ ಗೊತ್ತಿರುವ ಸ್ವರ ಅದು.

ಅವನು ಎದ್ದು ಓಡಿದ. ಓಡುತ್ತ ಸುರು ಮಾಡಿದ. ದೊಡ್ಡಜ್ಜ ಎಂದ. ಸ್ವಲ್ಪ ಹೊತ್ತಿನ ಮೇಲೆ, ಮನೆಗೆ ಎಂದ. ನಾನು ನನಗರಿಯದೆ ಹೂಂ ಅಂದೆ. ಅವನು ಇನ್ನೊಂದು ಪದಕ್ಕೆ ಬಾಯಿ ತೆರೆದ, ಪದ ಬರಲಿಲ್ಲ. ಅವನ ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದು ನಿಂತಿತ್ತು. ತುಟಿಯ ಬಣ್ಣ ಹೋಗಿತ್ತು. ಇಷ್ಟು ತಿಂಗಳು ಅವನ ಪಕ್ಕದಲ್ಲಿ ಓಡಿದ ನಾನು ಆ ಏರಿನಲ್ಲಿ ಅವನ ಮುಖವನ್ನು ನೋಡಿದ್ದು ಅದೇ ಮೊದಲು; ಕತೆ ಹೇಳುವವನ ಕಣ್ಣು ಮುಂದೆ ಎಲ್ಲೋ ಇರುತ್ತದೆ.

"ಆಮೇಲೆ?" ಅಂದಳು ಮಗಳು.

ಅವನು ಅವಳ ಮುಖ ನೋಡಿ, "ಹೂಂ," ಅಂದ.

ಅವಳು ಸ್ಕೂಟರನ್ನು ಅಡ್ಡ ತಂದು ನಿಲ್ಲಿಸಿದಳು.

ರಸ್ತೆಯ ನಡುವಿನ ಸಿಮೆಂಟು ಕಟ್ಟೆಯ ಮೇಲೆ ಅವನನ್ನು ಕೂರಿಸಿದೆವು. ಮಗಳು ಅವನ ಕೈ ಹಿಡಿದು ನಾಡಿ ನೋಡುತ್ತ ಕೂತಳು, ಕಣ್ಣು ಗಡಿಯಾರದಲ್ಲಿ. ಅವನ ಪಾದದ ಗಂಟಿನ ಹತ್ತಿರ ಕಾಲುಚೀಲ ಸರಿಸಿ ಹೆಬ್ಬೆರಳಿನಿಂದ ಒತ್ತಿದಳು. ಒತ್ತಿದ ಗುಳಿ ಹಾಗೆಯೇ ಉಳಿಯಿತು. ಅದು ಏನೆಂದು ನನಗೆ ಆಗ ಗೊತ್ತಿರಲಿಲ್ಲ, ಅವಳ ಮುಖದಿಂದ ಒಳ್ಳೆಯದಲ್ಲ ಎಂದು ಮಾತ್ರ ಗೊತ್ತಾಯಿತು. ಉಸಿರು ಸ್ವಲ್ಪ ತಿರುಗಿದ ಮೇಲೆ ಅವನು ನನ್ನ ಕಡೆ ಕೈ ತೋರಿಸಿ, ಈ ಮಾಷ್ ಇಷ್ಟು ವರ್ಷದಲ್ಲಿ ನನಗೆ ಒಂದು ಸಲ ಬಾಯಿ ಬಿಡಲಿಕ್ಕೆ ಬಿಟ್ಟಿದ್ದರೆ ಅಭ್ಯಾಸವಾದರೂ ಆಗುತ್ತಿತ್ತು ಎಂದು ತಮಾಷೆ ಮಾಡಿದ. ಮತ್ತೆ ಮಗಳಲ್ಲಿ ಕೇಳಿದ, "ಪಾಸಾ, ಫೇಲಾ?"

ಅವಳು ಒಂದು ಕಿತ್ತಳೆ ಸುಲಿದು ಅವನ ಕೈಯಲ್ಲಿ ಇಟ್ಟಳು. ಅವನು ಅದನ್ನು ತಿನ್ನದೆ ಹಿಡಿದುಕೊಂಡೇ ಇದ್ದ.

ಆ ವಾರವೇ ಮೂವರೂ ಮಂಗಳೂರಿಗೆ ಹೋದೆವು. ಆಸ್ಪತ್ರೆಯ ಬೆಂಚಿನಲ್ಲಿ ಅವನು ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿ, ಅಲುಗಾಡದೆ ಕೂತಿದ್ದ. ಪ್ರಾಯದಲ್ಲಿ ಮುಂಬಯಿಯಲ್ಲಿ ಹಾಗೆಯೇ ಕೂತಿರಬೇಕು. ಬೆಳಿಗ್ಗೆ ಚಹಾ ಕುಡಿದಿರಲಿಲ್ಲ. ಮಗಳು ನೀರು ತರಲು ಆಚೆ ಹೋದಾಗ ಒಂದು ಕಣ್ಣು ತೆರೆದು, ನಾಡಿ ಈಗ ಕಡಿಮೆ ಆಗಿರಬಹುದಲ್ಲ ಎಂದು ನನ್ನಲ್ಲಿ ಕೇಳಿದ. ಆಗಿರಬಹುದು ಎಂದೆ.

ಯಂತ್ರಕ್ಕೆ ಅವನ ವಿದ್ಯೆ ನಡೆಯಲಿಲ್ಲ. ಹೃದಯ ಊದಿಕೊಂಡಿದೆ, ಅದರ ಸ್ನಾಯು ಸೋತಿದೆ, ಇದು ನಿನ್ನೆ ಮೊನ್ನೆ ಸುರುವಾದದ್ದಲ್ಲ ಎಂದು ಡಾಕ್ಟರು ಹೇಳಿದರು. ಮಾತ್ರೆ ಕೊಟ್ಟರು. ಉಪ್ಪು ಕಡಿಮೆ ಮಾಡಲು, ನಿಧಾನ ನಡೆಯಲು ಹೇಳಿದರು. ಓಟ ಬೇಡ, ಇನ್ನು ಯಾವತ್ತೂ ಬೇಡ. ಗೆಳೆಯ ಎಲ್ಲವನ್ನೂ ಕೇಳಿಕೊಂಡು ಕೊನೆಗೆ ಒಂದೇ ಮಾತು ಕೇಳಿದ. "ಅನ್‌ಫಿಟ್ ಅಂತ ಅಲ್ವಾ ಡಾಕ್ಟ್ರೆ?"

ಡಾಕ್ಟರು ಚಿಕ್ಕ ಪ್ರಾಯದವರು, ಒಳ್ಳೆಯ ಮನುಷ್ಯ. ಹಾಗೆಲ್ಲ ಹೇಳಬಾರದು, ಓಟ ಬೇಡ ಅಂತ ಮಾತ್ರ ಎಂದು ಅವನ ಹೆಗಲು ಮುಟ್ಟಿದರು. ಹೊರಗೆ ಬಂದ ಮೇಲೆ ಅವನು, "ಮುಂಬಯಿಯವ ಸೀಲು ಹೊಡೆದು ಹೇಳಿದ್ದ, ಇವರು ಚೆಂದ ಮಾತಲ್ಲಿ ಹೇಳಿದರು," ಅಂದ.

ಸಂಜೆಯ ಲೋಕಲ್ ರೈಲಿನಲ್ಲಿ ಮೂವರೂ ವಾಪಸು ಹೊರಟೆವು. ನೇತ್ರಾವತಿ ದಾಟಿತು, ಉಳ್ಳಾಲ ದಾಟಿತು. ಮಗಳು ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದ ಹಾಗಿದ್ದಳು. ಮಂಜೇಶ್ವರದಲ್ಲಿ ರೈಲು ನಿಂತಾಗ ಅವನು ಪ್ಲಾಟ್‌ಫಾರ್ಮನ್ನು ನೋಡುತ್ತ, ನನಗೆ ಮಾತ್ರ ಕೇಳುವ ಹಾಗೆ, "ಇಲ್ಲಿ ಇಳಿಯುವಾ ಮಾಷೆ?" ಅಂದ.

"ಬೇಡ ಮಾರಾಯ. ಕುಂಬಳೆಯಲ್ಲೇ ಇಳಿಯುವ," ಎಂದೆ.

ಅವನು ತಲೆಯಾಡಿಸಿದ. ರೈಲು ಹೊರಟಿತು. ಕುಂಬಳೆಯಲ್ಲಿ ಇಳಿದು, ಪೇಟೆಯ ನಡುವಿನಿಂದಲೇ, ಎದುರು ಸಿಕ್ಕಿದವರಿಗೆಲ್ಲ ಕೈ ಎತ್ತುತ್ತ, ಅವನು ಮನೆಗೆ ನಡೆದ. ನಿಧಾನವಾಗಿ ನಡೆದ. ನಾವಿಬ್ಬರೂ ಅವನ ಹಿಂದೆ.

ಆ ವರ್ಷದ ಮ್ಯಾರಥಾನಿಗೆ ನಾನು ಹೋಗಲಿಲ್ಲ. ನನ್ನೊಬ್ಬನ ಹೆಸರು ಕೊಡಲು ಮನಸ್ಸಾಗಲಿಲ್ಲ. ಅದಕ್ಕೆ ಅವನು ಒಂದು ವಾರ ನನ್ನ ಜೊತೆ ಮಾತು ಬಿಟ್ಟ. ಅಂಗಡಿಗೆ ಹೋಗಿ ಸ್ಟೂಲಿನಲ್ಲಿ ಕೂತರೆ, ಗಿರಾಕಿಯೊಡನೆ ಮಾತಾಡುವ ಹಾಗೆ ಎಷ್ಟು ನಂಬರಿನ ಚಪ್ಪಲಿ ಬೇಕು ಎಂದು ಕೇಳುತ್ತಿದ್ದ. ಕೊನೆಗೆ ನಾನು ಒಂದು ಜೊತೆ ತೆಗೆದುಕೊಂಡ ಮೇಲೆ ನಕ್ಕು ರಾಜಿಯಾದ. ಮುಂದಿನ ವರ್ಷ ನೀನು ಓಡಬೇಕು, ನಾನು ಕೊನೆಯಲ್ಲಿ ಕುರ್ಚಿ ಹಾಕಿ ಕೂತಿರುತ್ತೇನೆ ಎಂದು ಮಾತು ತೆಗೆದುಕೊಂಡ. ನಾನು ಭಾನುವಾರಗಳಲ್ಲಿ ಒಬ್ಬನೇ ಓಡತೊಡಗಿದೆ. ಬಾಯಿ ಮುಚ್ಚಿಕೊಂಡು ಓಡುವುದು ನನಗೆ ಎಷ್ಟು ಕಷ್ಟವೆಂದು ಆಗ ತಿಳಿಯಿತು.

ಓಟ ಮುಗಿಸಿ ಅಂಗಡಿಗೆ ಹೋಗುತ್ತಿದ್ದೆ. ಬೆವರು ಒರೆಸಿಕೊಂಡು ಕೂತರೆ ಅವನು ಹೇಳತೊಡಗುತ್ತಿದ್ದ. ನಾನು ಅದುವರೆಗೆ ಕೇಳಿರದ ಸಂಗತಿಗಳು. ಗೋದಾಮಿನ ಒಳಗೆ ಸೆಕೆಗೆ ಕರಗಿ ಒಂದಕ್ಕೊಂದು ಅಂಟಿಕೊಂಡ ಮೇಣದ ಬತ್ತಿಗಳು. ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಏಳೆಂಟು ಊರಿನವರು, ಅವರಲ್ಲಿ ನಿದ್ದೆಯಲ್ಲಿ ಹಾಡುತ್ತಿದ್ದ ಒಬ್ಬ. ಮಗಳು ಹುಟ್ಟಿದ ಸುದ್ದಿ ಫೋನಿನಲ್ಲಿ ಬಂದ ದಿನ ಸಿಹಿ ಹಂಚಲು ಹೋಗಿ ದಾರಿ ತಪ್ಪಿದ್ದು. ಅವನು ನಾಲ್ಕು ಮಾತು ಹೇಳಿ ನಿಲ್ಲಿಸುತ್ತಿದ್ದ, ಉಸಿರು ಸೇರಿಸಿಕೊಳ್ಳುತ್ತಿದ್ದ, ಪುನಃ ನಾಲ್ಕು ಮಾತು. ನಾನು ಹೂಂಗುಟ್ಟುತ್ತಿದ್ದೆ. ಅವನಿಗೆ ಕತೆ ಹೇಳಲು ಬರುವುದಿಲ್ಲ ಎಂದು ಯಾರು ಹೇಳಿದ್ದು? ನನಗಿಂತ ಚೆನ್ನಾಗಿ ಬರುತ್ತಿತ್ತು.

ಬೇಸಗೆಯ ತನಕ ಅಂಗಡಿಗೆ ಬಂದ. ಮಳೆ ಹಿಡಿದ ಮೇಲೆ ವಾರಕ್ಕೆ ಒಂದೆರಡು ದಿನ ಬಂದ. ಕೊಡೆಯ ವ್ಯಾಪಾರ ಜೋರಿರುವ ಹೊತ್ತಿಗೆ ಅವನು ಮನೆಯಲ್ಲಿ ಎರಡು ದಿಂಬು ಒರಗಿಟ್ಟುಕೊಂಡು ಕೂತುಬಿಟ್ಟಿದ್ದ. ಮಲಗಿದರೆ ಉಸಿರು ಕಟ್ಟುತ್ತಿತ್ತು. ನೋಡಲು ಹೋದಾಗೆಲ್ಲ, ಓಡ್ತಾ ಉಂಟಲ್ಲ, ನಿಲ್ಲಿಸಿಲ್ಲವಲ್ಲ ಎಂದು ಕೇಳುತ್ತಿದ್ದ. ಮಳೆಯಲ್ಲಿಯೂ ಓಡುತ್ತೇನೆ ಎಂದೆ ಒಮ್ಮೆ. ಅದನ್ನು ಕೇಳಿ ಬಸ್ಸು ತಂಗುದಾಣದ ಆ ದಿನವನ್ನು ಅವನೇ ತೆಗೆದು, ಆ ಮಳೆ ಬಾರದಿರುತ್ತಿದ್ದರೆ ನಾವು ನಡೆದುಕೊಂಡೇ ಇರುತ್ತಿದ್ದೆವು ಎಂದ. ಅದು ಸಂತೋಷದ ಮಾತೋ ದುಃಖದ ಮಾತೋ ಎಂದು ನಾನು ಕೇಳಲಿಲ್ಲ.

ಮಳೆಗಾಲ ಮುಗಿಯುತ್ತ ಬಂದ ಒಂದು ಬೆಳಿಗ್ಗೆ ಮಗಳ ಫೋನು ಬಂತು. ಮಾಷ್, ಉಪ್ಪ ಹೋದರು ಎಂದಳು, ಅಷ್ಟೇ. ನಮಾಜು ಮುಗಿಸಿ ಕೂತಲ್ಲಿಯೇ ಹೋದದ್ದಂತೆ.

ಅವರಲ್ಲಿ ಮಯ್ಯತ್ತನ್ನು, ಎಂದರೆ ಶವವನ್ನು, ತಡಮಾಡದೆ ಕೊಂಡುಹೋಗುತ್ತಾರೆ. ಹೊತ್ತ ಮೇಲೆ ನಿಧಾನವಿಲ್ಲ. ಬಿರುಸಾದ ಹೆಜ್ಜೆ, ತಗ್ಗಿದ ಸ್ವರದಲ್ಲಿ ದೇವರ ಹೆಸರಿನ ದಿಕ್ರ್, ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಮಂಚ ನೀರಿನ ಮೇಲೆ ಹೋಗುವ ಹಾಗೆ ದಾಟುತ್ತದೆ. ನಾನು ಬದಿಯಲ್ಲಿ ಬರುತ್ತಿದ್ದೆ. ಅವನ ಅಣ್ಣ ನನ್ನನ್ನು ನೋಡಿ ತನ್ನ ಹೆಗಲು ಸರಿಸಿ ಜಾಗ ಕೊಟ್ಟ. ಮನೆಯ ಗೇಟಿನಿಂದ ಮಸೀದಿಯ ತಿರುವಿನ ತನಕ ನಾನು ಹೊತ್ತೆ. ದೂರ ಏನೂ ಇಲ್ಲ. ಆದರೆ ತಿರುವಿನಲ್ಲಿ ಇನ್ನೊಬ್ಬರಿಗೆ ಬಿಟ್ಟುಕೊಟ್ಟಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಪಕ್ಕದವರು ಕೇಳಿದ್ದಕ್ಕೆ ಉತ್ತರ ಕೊಡಲು ಆಗಲಿಲ್ಲ. ದಫನ್ ಆಗುವಾಗ ನಾನು ಕಬರಸ್ತಾನದ ಗೋಡೆಯ ಹೊರಗೆ, ಒಂದು ಮಾವಿನ ಮರದ ಅಡಿಯಲ್ಲಿ, ಬೇರೆ ನಾಲ್ಕು ಜನ ಹಿಂದೂ ಅಂಗಡಿಯವರ ಜೊತೆ ನಿಂತಿದ್ದೆ.

ಆಮೇಲೆ ನನ್ನ ಓಟ ನಿಂತಿತು. ಕೊಟ್ಟ ಮಾತು ಉಳಿಸಬೇಕೆಂದು ಒಂದೆರಡು ಭಾನುವಾರ ಬೂಟು ಹಾಕಿಕೊಂಡು ಸೇತುವೆಯ ತನಕ ಹೋದದ್ದುಂಟು. ಆ ಹೊತ್ತಿಗೆ ರಸ್ತೆಯನ್ನು ವಾಹನಗಳಿಗೆ ಬಿಟ್ಟಿದ್ದರು. ನಿಂತು ನೋಡಿ ಮನೆಗೆ ಬಂದೆ. ಸಕ್ಕರೆ ಉಂಟಲ್ಲ, ಅದಕ್ಕಾಗಿ ಊರೊಳಗೆ ನಡೆಯುತ್ತೇನೆ.

ಅಂಗಡಿ ಕೆಲವು ತಿಂಗಳು ಮುಚ್ಚಿತ್ತು. ಒಂದು ಸಂಜೆ ಬಸ್ಸಿಗೆ ಹೋಗುವಾಗ ನೋಡಿದರೆ ಶಟರು ಎತ್ತಿತ್ತು. ಒಳಗೆ ಅವನ ಹೆಂಡತಿ ಕೂತಿದ್ದರು. ಇಷ್ಟು ವರ್ಷಗಳಲ್ಲಿ ಅವರು ನನ್ನಲ್ಲಿ ಆಡಿದ್ದು ಚಹಾ ಬೇಕಾ, ಕೂತುಕೊಳ್ಳಿ ಎಂಬ ಎರಡು ಮಾತು, ಅದೂ ಬಾಗಿಲ ಮರೆಯಿಂದ. ಅವತ್ತು ಅವರೇ ಕರೆದು ಸ್ಟೂಲು ತೋರಿಸಿದರು. ನಾನು ಕೂತೆ. ಚಪ್ಪಲಿಯ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಜೋಡಿಸುತ್ತ, ನನ್ನ ಮುಖ ನೋಡದೆ ಅವರು ಕೇಳಿದರು.

"ಅವರು ಓಡುದನ್ನು ನಾನು ನೋಡ್ಲೇ ಇಲ್ಲ ಮಾಷ್. ಕತ್ತಲೆಗೆ ಹೋಗಿ ಬೆಳಕಾದ ಮೇಲೆ ಬರ್ತಿದ್ರು. ಚೆಂದ ಓಡ್ತಿದ್ರಾ?"

ಚೆಂದ ಓಡುತ್ತಿದ್ದ ಎಂದೆ. ಸಪಾಟು ರಸ್ತೆಯಲ್ಲಿ ಕೈ ಸಡಿಲ ಬಿಟ್ಟುಕೊಂಡು, ಶಾಲೆಗೆ ಹೋಗುವ ಹುಡುಗನ ಹಾಗೆ ಓಡುತ್ತಿದ್ದ ಎಂದೆ. ಅದು ನಿಜ. ಎಲ್ಲಿಯ ತನಕ ಹೋಗುತ್ತಿದ್ದಿರಿ ಎಂದು ಕೇಳಿದರು. ಬಂದಿಯೋಡು ಎಂದೆ. ಅವರ ಕೈ ನಿಂತಿತು. ಅಷ್ಟು ದೂರವಾ ಎಂದರು. ಅವರು ಸೇತುವೆಯ ತನಕ ಎಂದು ತಿಳಿದಿದ್ದರಂತೆ. ಅಷ್ಟರಲ್ಲಿ ಮಗುವಿಗೆ ಚಪ್ಪಲಿ ನೋಡಲು ಯಾರೋ ಬಂದರು, ಅವರು ಎದ್ದು ಅಳತೆ ನೋಡಲು ಹೋದರು, ನನ್ನ ಬಸ್ಸು ಬಂತು.

ಮುಂದಿನ ಭಾನುವಾರ ತಾಯಿಯೂ ಮಗಳೂ ಕುಂಬಳೆಯಿಂದ ಬಸ್ಸು ಹತ್ತಿ ಬಂದಿಯೋಡಿಗೆ ಹೋಗಿ, ಅಲ್ಲಿ ಇಳಿದು ಒಂದೊಂದು ಚಹಾ ಕುಡಿದು, ಮುಂದಿನ ಬಸ್ಸಿನಲ್ಲಿ ವಾಪಸು ಬಂದರಂತೆ. ಮಗಳು ಸಂಜೆ ಫೋನು ಮಾಡಿ ಹೇಳಿದಳು.